ಆರು ಮಿಲಿಮೀಟರ್ ಪಟ್ಟಿ, ಐದು ಮೀಟರ್ ದೋಣಿ

ಎರಡೂ ತುದಿ ಚೂಪಾಗಿರುವ, ಕಿರಿದಾದ, ತೆರೆದ ಮೈಯ ಹಗುರ ದೋಣಿಗೆ ‘ಕನೂ’ ಎಂದು ಹೆಸರು. ಒಂದೇ ಅಲಗಿನ ಹುಟ್ಟು ಹಿಡಿದು ಇದನ್ನು ನಡೆಸಲಾಗುತ್ತದೆ. ಕೆನಡಾ ಹಾಗೂ ಅಮೆರಿಕದ ಉತ್ತರ ಭಾಗದ ಸರೋವರ ಪ್ರದೇಶಗಳಲ್ಲಿ ಈ ದೋಣಿಯನ್ನು ತಾವೇ ಕಟ್ಟಿಕೊಳ್ಳುವುದು ಹಲವರ ಹವ್ಯಾಸ. ತೆಳುವಾದ ಸೀಡರ್ ಮರದ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿ, ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ ಹೊದಿಸುವ ವಿಧಾನ ಇಂಥ ಹವ್ಯಾಸಿಗಳಿಗೆ ಅಚ್ಚುಮೆಚ್ಚು. ದೊಡ್ಡ ಕಾರ್ಖಾನೆಯ ಅಗತ್ಯವಿಲ್ಲದೆ, ಮನೆಯ ಗ್ಯಾರೇಜಿನಲ್ಲೇ ಐದು ಮೀಟರ್ ಉದ್ದದ ದೋಣಿಯೊಂದು ಈ ವಿಧಾನದಿಂದ ಸಿದ್ಧವಾಗುತ್ತದೆ.

ಸಿದ್ಧಗೊಂಡ ದೋಣಿಯನ್ನು ಕಂಡವರ ಕಣ್ಣು ಅದರ ಬಾಗು ಬಳುಕುಗಳ ಮೇಲೆ, ವಾರ್ನಿಷ್‌ನ ಹೊಳಪಿನ ಮೇಲೆ ನೆಲೆಸುವುದು ಸಹಜ. ಆದರೆ ಆ ದೋಣಿಯ ಗುಣಾವಗುಣಗಳ ಬಹುಪಾಲು ನಿರ್ಧಾರವಾಗುವುದು ಅದರ ಆಕಾರ ಕಾಣಿಸಿಕೊಳ್ಳುವುದಕ್ಕಿಂತ ಮೊದಲೇ, ಹಲಗೆಯನ್ನು ಪಟ್ಟಿಗಳಾಗಿ ಸೀಳುವ ಹಂತದಲ್ಲಿ. ಪಟ್ಟಿಯ ದಪ್ಪ ಸಾಮಾನ್ಯವಾಗಿ ಕಾಲು ಇಂಚು, ಅಂದರೆ 6 ಮಿಲಿಮೀಟರಿಗೆ ತುಸು ಹೆಚ್ಚು. ಈ ಅಂಕಿ ತುಸು ಆಚೀಚೆಯಾದರೆ ದೋಣಿಗೆ ದೊಡ್ಡ ತೊಂದರೆಯಿಲ್ಲ. ಎಲ್ಲ ಪಟ್ಟಿಗಳೂ ಒಂದೇ ದಪ್ಪ ಇರದಿದ್ದರೆ ಮಾತ್ರ ತೊಂದರೆ ತಪ್ಪದು.

ತೊಗಟೆಯ ಕಾಲದಿಂದ

ತೆಳುವಾದ ಸೀಡರ್ ಮರಕ್ಕೂ ಕನೂ ದೋಣಿಗೂ ಇರುವ ನಂಟು ಗರಗಸಕ್ಕಿಂತ ಹಳೆಯದು. ಒಜಿಬ್ವೆ, ಅಲ್ಗಾಂಕ್ವಿನ್ ಮೊದಲಾದ ಮೂಲನಿವಾಸಿ ಜನರು ಬರ್ಚ್ ಮರದ ತೊಗಟೆಯಿಂದ ಕನೂಗಳನ್ನು ನಿರ್ಮಿಸುತ್ತಿದ್ದರು. ತೊಗಟೆಯ ಒಳಮೈಗೆ ಬಿಳಿ ಸೀಡರ್‌ನ ತೆಳು ಹಲಗೆಗಳನ್ನು ಹಾಸಿ, ಅವನ್ನು ಅದೇ ಮರದ ಬಾಗಿದ ಪಕ್ಕೆಲುಬುಗಳಿಂದ ಬಿಗಿಯಲಾಗುತ್ತಿತ್ತು. ಈ ಹಲಗೆಗಳನ್ನು ಕೊಯ್ಯುತ್ತಿರಲಿಲ್ಲ, ಸೀಳುತ್ತಿದ್ದರು. ದಿಮ್ಮಿಯನ್ನು ಎರಡು ಹೋಳು ಮಾಡಿ, ಪ್ರತಿ ಹೋಳನ್ನು ಮತ್ತೆ ಎರಡಾಗಿಸುತ್ತ ಹೋಗುವುದು ಕ್ರಮ. ಸೀಳು ಒಂದು ಬದಿಗೆ ವಾಲಿ ಆ ಭಾಗ ತೆಳುವಾಗತೊಡಗಿದರೆ ದಪ್ಪಗಿರುವ ಭಾಗವನ್ನು ಹೆಚ್ಚು ಬಾಗಿಸಬೇಕು. ಆಗ ಸೀಳು ದಪ್ಪ ಭಾಗದತ್ತ ಸರಿದು ಮತ್ತೆ ನಡುವಿಗೆ ಬರುತ್ತದೆ. ಬಳಿಕ ಬಾಗಿದ ಅಲಗಿನ ಚೂರಿಯಿಂದ ಕೆತ್ತಿ ಮೈಯನ್ನು ಸಮಗೊಳಿಸಲಾಗುತ್ತಿತ್ತು. ಹೀಗೆ ಸಮದಪ್ಪದ ಹಲಗೆ ಪಡೆಯುವ ವಿದ್ಯೆ ಅಳತೆಯ ಉಪಕರಣಗಳ ನೆರವಿಲ್ಲದೆಯೇ ಬೆಳೆದಿತ್ತು. ಎಡ್ವಿನ್ ಟ್ಯಾಪನ್ ಆಡ್ನಿ (1868–1950) ಈ ದೋಣಿಗಳ ರಚನೆಯನ್ನು ದಶಕಗಳ ಕಾಲ ದಾಖಲಿಸಿದರು. ಅವರ ಟಿಪ್ಪಣಿಗಳನ್ನು ಹೊವರ್ಡ್ ಚಾಪೆಲ್ ಪುಸ್ತಕರೂಪಕ್ಕೆ ತಂದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಅದನ್ನು 1964ರಲ್ಲಿ ಪ್ರಕಟಿಸಿತು.

19ನೇ ಶತಮಾನದ ಉತ್ತರಾರ್ಧದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪೀಟರ್‌ಬರೊ ಪಟ್ಟಣ ಮರದ ಕನೂಗಳ ತಯಾರಿಕೆಗೆ ಹೆಸರಾಯಿತು. ಹಲಗೆ ಮತ್ತು ಪಟ್ಟಿಗಳನ್ನು ಪಕ್ಕೆಲುಬುಗಳಿಗೆ ಮೊಳೆಯಿಂದ ಬಿಗಿದು ದೋಣಿ ಕಟ್ಟುವ ಕೆಲಸ ಅಲ್ಲಿ ಉದ್ಯಮವಾಗಿ ಬೆಳೆಯಿತು. ಅದೇ ಕಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಂಟನ್‌ನಲ್ಲಿ ಜೆ. ಹೆನ್ರಿ ರಷ್ಟನ್ ಅತಿ ಹಗುರ ದೋಣಿಗಳಿಗೆ ಖ್ಯಾತರಾದರು. ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬ ಲೇಖಕರಿಗಾಗಿ ಅವರು ಸೀಡರ್ ಹಲಗೆಯಿಂದ ಕಟ್ಟಿಕೊಟ್ಟ ‘ಸೇರಿ ಗ್ಯಾಂಪ್’ ಎಂಬ ದೋಣಿಯ ತೂಕ ಕೇವಲ ಹತ್ತೂವರೆ ಪೌಂಡ್, ಅಂದರೆ ಐದು ಕಿಲೋಗಿಂತಲೂ ಕಡಿಮೆ.

ಪಕ್ಕೆಲುಬು ಮತ್ತು ಮೊಳೆಗಳ ಹಂಗಿನಿಂದ ಪಟ್ಟಿ ದೋಣಿಯನ್ನು ಬಿಡಿಸಿದ್ದು 20ನೇ ಶತಮಾನದ ರಾಸಾಯನಿಕ ಅಂಟುಗಳು ಹಾಗೂ ಗಾಜಿನ ನಾರು. ಮಿನ್ನೆಸೋಟದ ಸ್ಪರ್ಧಾ ದೋಣಿಗಾರರು ಈ ವಿಧಾನಕ್ಕೆ ಆರಂಭದಲ್ಲಿ ಚಾಲನೆ ನೀಡಿದವರಲ್ಲಿ ಪ್ರಮುಖರು. 1983ರಲ್ಲಿ ಪ್ರಕಟವಾದ, ಟೆಡ್ ಮೂರ್ಸ್ ಮತ್ತು ಮೆರಿಲಿನ್ ಮೋರ್ ಅವರ ‘ಕನೂಕ್ರಾಫ್ಟ್’ ಕೃತಿ ಇದನ್ನು ಸಾಮಾನ್ಯ ಹವ್ಯಾಸಿಗಳ ಕೈಗೆಟುಕುವಂತೆ ಮಾಡಿತು.

ಪಟ್ಟಿಯಿಂದ ಮೈ ರೂಪುಗೊಳ್ಳುವ ಬಗೆ

ದೋಣಿಯ ಅಡ್ಡಸೀಳಿಕೆಯ ಆಕಾರದಲ್ಲಿ ಪ್ಲೈವುಡ್‌ನ ಅಚ್ಚುಗಳನ್ನು ಕತ್ತರಿಸಿ, ಉದ್ದನೆಯ ತಳಹದಿಯ ಮೇಲೆ ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಲಾಗುತ್ತದೆ. ದೋಣಿ ಬೋರಲಾಗಿರುವಂತೆ ಈ ಅಚ್ಚುಗಳ ಸಾಲು ಕಾಣುತ್ತದೆ. ಇವುಗಳ ಮೇಲೆ ಒಂದೊಂದೇ ಪಟ್ಟಿಯನ್ನು ಬಾಗಿಸಿ, ಹಿಂದಿನ ಪಟ್ಟಿಯ ಅಂಚಿಗೆ ಅಂಟಿಸುತ್ತ ಹೋಗಬೇಕು. ಪಟ್ಟಿಯ ಒಂದು ಅಂಚನ್ನು ಉಬ್ಬಾಗಿಯೂ ಇನ್ನೊಂದು ಅಂಚನ್ನು ತಗ್ಗಾಗಿಯೂ ಕೊರೆದಿರುತ್ತಾರೆ. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರುವುದರಿಂದ ಬಾಗಿದ ಮೈಯಲ್ಲೂ ಸಂದು ಉಳಿಯುವುದಿಲ್ಲ.

ಮೈ ಪೂರ್ಣವಾದ ಬಳಿಕ ಉಜ್ಜಿ ನುಣುಪಾಗಿಸಿ, ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಅಂಟು ಲೇಪಿಸಲಾಗುತ್ತದೆ. ನಂತರ ಅಚ್ಚುಗಳಿಂದ ಬಿಡಿಸಿ ಒಳಮೈಗೂ ಇದೇ ಉಪಚಾರ ನಡೆಯುತ್ತದೆ. ಎರಡು ಗಾಜಿನ ಪದರಗಳ ನಡುವೆ ಮರದ ತಿರುಳು ಇರುವ ಈ ರಚನೆಯಲ್ಲಿ ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ. ಗಾಜಿನ ಪದರಗಳು ಎಳೆತ ಮತ್ತು ಒತ್ತಡವನ್ನು ತಾಳಿಕೊಳ್ಳುತ್ತವೆ. ಮರವು ಅವೆರಡನ್ನೂ ನಿಗದಿತ ದೂರದಲ್ಲಿ ಹಿಡಿದಿಟ್ಟು ಮೈಗೆ ಬಿಗುವು ನೀಡುತ್ತದೆ. ಮರ ಎಲ್ಲಿ ತೆಳುವಾಯಿತೋ ಅಲ್ಲಿ ಆ ದೂರ ಕುಗ್ಗಿ, ದೋಣಿಯ ಬಲವೂ ಕುಗ್ಗುತ್ತದೆ.

ಅರ್ಧ ಮಿಲಿಮೀಟರಿನ ಬೆಲೆ

ಪಟ್ಟಿಯೊಂದನ್ನು ಬಾಗಿಸಲು ಬೇಕಾಗುವ ಬಲವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಶೇ 10ರಷ್ಟು ಹೆಚ್ಚಿದರೆ ಪಟ್ಟಿಯ ಬಿಗುವು ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಒಂದು ಪಟ್ಟಿ 5.5 ಮಿ.ಮೀ., ಅದರ ಪಕ್ಕದ್ದು 6.5 ಮಿ.ಮೀ. ಇದ್ದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ. ಆದರೆ ಎರಡನೆಯದು ಮೊದಲನೆಯದಕ್ಕಿಂತ ಶೇ 65ರಷ್ಟು ಹೆಚ್ಚು ಬಿಗಿಯಾಗಿರುತ್ತದೆ. ಅಚ್ಚುಗಳ ನಡುವಿನ ಜಾಗದಲ್ಲಿ ಪಟ್ಟಿಗೆ ಆಸರೆ ಇರುವುದಿಲ್ಲ. ಅಲ್ಲಿ ಅದು ತನ್ನ ಬಿಗುವಿಗೆ ತಕ್ಕಂತೆ ಬಾಗುತ್ತದೆ. ಬೇರೆ ಬೇರೆ ಬಿಗುವಿನ ಪಟ್ಟಿಗಳು ಅಕ್ಕಪಕ್ಕ ಬಂದರೆ ಒಂದು ಉಬ್ಬಿ ಇನ್ನೊಂದು ತಗ್ಗುತ್ತದೆ. ಅಂಟು ಒಣಗಿದ ಮೇಲೆ ಈ ಏರುಪೇರು ದೋಣಿಯ ಮೈಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಅದನ್ನು ಉಜ್ಜಿ ಸರಿಪಡಿಸಬಹುದಲ್ಲ ಎಂಬ ಪ್ರಶ್ನೆ ಏಳಬಹುದು. ಉಜ್ಜುವುದೆಂದರೆ ದಪ್ಪ ಪಟ್ಟಿಯನ್ನು ತೆಳು ಪಟ್ಟಿಯ ಮಟ್ಟಕ್ಕೆ ಇಳಿಸುವುದು. ತೆಳು ಪಟ್ಟಿಗೆ ಮರ ಸೇರಿಸಲು ಬಾರದು. ಹೀಗಾಗಿ ಒಂದೆರಡು ತೆಳು ಪಟ್ಟಿಗಳು ಸುತ್ತಲಿನ ಇಡೀ ಭಾಗವನ್ನೇ ತೆಳುವಾಗಿಸಿಬಿಡುತ್ತವೆ. ಹೊರಮೈ ನುಣುಪಾದರೂ ಒಳಮೈಯಲ್ಲಿ ಅದೇ ಮೆಟ್ಟಿಲುಗಳು ಕಾದಿರುತ್ತವೆ. ಒಳಬಾಗಿದ ಮೈಯನ್ನು ಉಜ್ಜುವುದು ಹೊರಮೈಗಿಂತ ಹೆಚ್ಚು ಪ್ರಯಾಸದ ಕೆಲಸ.

ಅಂಚು ಕೊರೆಯುವಾಗಲೂ ಇದೇ ಸಮಸ್ಯೆ ಎದುರಾಗುತ್ತದೆ. ರೌಟರ್ ಯಂತ್ರದ ಅಲಗಿನ ಎತ್ತರವನ್ನು ಒಂದೇ ದಪ್ಪಕ್ಕೆ ಹೊಂದಿಸಿರುತ್ತಾರೆ. ಪಟ್ಟಿ ತೆಳುವಾದರೆ ತಗ್ಗು ನಡುವಿನಲ್ಲಿ ಕೂರದೆ, ಒಂದು ಬದಿಯ ತುಟಿ ಕಾಗದದಷ್ಟು ತೆಳುವಾಗಿ ಮುರಿಯುತ್ತದೆ. ದಪ್ಪವಾದರೆ ಉಬ್ಬಿನ ಪಕ್ಕದಲ್ಲಿ ಮೆಟ್ಟಿಲು ಉಳಿಯುತ್ತದೆ.

ಇನ್ನು ತೂಕದ ಲೆಕ್ಕ. ಐದು ಮೀಟರ್ ಕನೂವಿನ ಮೈಯ ವಿಸ್ತೀರ್ಣ ಸುಮಾರು 5 ಚದರ ಮೀಟರ್. ಒಣಗಿದ ಕೆಂಪು ಸೀಡರ್ ಘನಮೀಟರಿಗೆ ಸುಮಾರು 370 ಕಿಲೋ ತೂಗುತ್ತದೆ. ಇಡೀ ಮೈ ಒಂದು ಮಿಲಿಮೀಟರ್ ದಪ್ಪವಾದರೆ ದೋಣಿಗೆ ಹೆಚ್ಚುಕಡಿಮೆ ಎರಡು ಕಿಲೋ ಹೆಚ್ಚುವರಿ ತೂಕ ಸೇರುತ್ತದೆ. ಒಂದು ಸರೋವರದಿಂದ ಮತ್ತೊಂದಕ್ಕೆ ಕಾಡುದಾರಿಯಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಈ ಕಾರಣಗಳಿಂದಲೇ ಅನುಭವಿಗಳು ಪಟ್ಟಿಗಳ ದಪ್ಪದ ವ್ಯತ್ಯಾಸವನ್ನು ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿ ಹಿಡಿದಿಡಲು ಯತ್ನಿಸುತ್ತಾರೆ.

ಮರ ಮತ್ತು ಅದರ ಎಳೆ

ಇಲ್ಲಿ ‘ಸೀಡರ್’ ಎಂದರೆ ಹಿಮಾಲಯದ ದೇವದಾರು ಅಲ್ಲ. ದೇವದಾರು ನಿಜವಾದ ಸೀಡರ್ ಕುಲಕ್ಕೆ ಸೇರಿದ್ದು. ದೋಣಿಗೆ ಬಳಕೆಯಾಗುವ ಪಶ್ಚಿಮದ ಕೆಂಪು ಸೀಡರ್ ಮತ್ತು ಪೂರ್ವದ ಬಿಳಿ ಸೀಡರ್ ಎರಡೂ ಸೈಪ್ರೆಸ್ ಕುಟುಂಬದ ಥೂಜಾ ಕುಲದ ಮರಗಳು. ತೇಗದ ಅರ್ಧಕ್ಕಿಂತ ತುಸು ಹೆಚ್ಚು ತೂಕ, ಸುಲಭವಾಗಿ ಕೊಳೆಯದ ಗುಣ, ನೇರ ಎಳೆ ಮತ್ತು ಒಣಗುವಾಗ ಕಡಿಮೆ ಕುಗ್ಗುವ ಸ್ವಭಾವ ಕೆಂಪು ಸೀಡರ್‌ನ ಹೆಚ್ಚುಗಾರಿಕೆ.

ಹಲಗೆಯ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ. ಮರದ ವಾರ್ಷಿಕ ಉಂಗುರಗಳು ಅಗಲವಾದ ಮೈಗೆ ಸಮಾನಾಂತರವಾಗಿ ಹಾಯ್ದಿರುವ ಹಲಗೆಯನ್ನು ಇಲ್ಲಿ ಬಯಸುತ್ತಾರೆ. ಅಂಥ ಹಲಗೆಯ ಅಂಚಿನಿಂದ ಪಟ್ಟಿ ಸೀಳಿದಾಗ ಪಟ್ಟಿಯ ಅಗಲದ ಮೈಯಲ್ಲಿ ಎಳೆಗಳು ನೇರ ಗೆರೆಗಳಾಗಿ ಕಾಣಿಸಿಕೊಳ್ಳುತ್ತವೆ. ಪ್ರತಿ ಉಂಗುರದಲ್ಲೂ ವಸಂತದಲ್ಲಿ ಬೆಳೆದ ಮೆದು ಭಾಗ ಮತ್ತು ಬೇಸಿಗೆಯಲ್ಲಿ ಬೆಳೆದ ಗಟ್ಟಿ ಭಾಗಗಳಿರುತ್ತವೆ. ಅವು ಕಿರಿದಾದ ಗೆರೆಗಳಾಗಿ ಒತ್ತೊತ್ತಾಗಿದ್ದರೆ ಮರಳುಕಾಗದ ಎಲ್ಲೆಡೆ ಒಂದೇ ಸಮನೆ ಸವೆಸುತ್ತದೆ. ಅಗಲ ಪಟ್ಟೆಗಳಾಗಿ ಹರಡಿದ್ದರೆ ಮೆದು ಭಾಗ ಗುಳಿಬಿದ್ದು ಗಟ್ಟಿ ಭಾಗ ದಿಣ್ಣೆಯಾಗಿ ನಿಲ್ಲುತ್ತದೆ. ಸೀಳುವಾಗ ಗಳಿಸಿದ ಸಮದಪ್ಪ ಉಜ್ಜುವಾಗ ಕೈಜಾರದಿರಲು ಎಳೆಯ ಆಯ್ಕೆಯೂ ಅಗತ್ಯ.

ಸೀಳುವ ಮೊದಲು ಹಲಗೆಯನ್ನು 19 ಮಿ.ಮೀ. ಏಕರೂಪದ ದಪ್ಪಕ್ಕೆ ತರಬೇಕು. ಹಲಗೆಯ ಈ ದಪ್ಪವೇ ಮುಂದೆ ಪಟ್ಟಿಯ ಅಗಲವಾಗುತ್ತದೆ. ಅಂಚು ಕೊರೆದ ಮೇಲೆ ಮೈಯಲ್ಲಿ ಕಾಣುವ ಅಗಲ ಸುಮಾರು 16 ಮಿ.ಮೀ. ಉಳಿಯುತ್ತದೆ. ದೋಣಿಯ ನಡುಭಾಗದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗಿನ ಸುತ್ತಳತೆ 1.2 ಮೀಟರ್ ಎಂದಿಟ್ಟುಕೊಂಡರೆ 75 ಪಟ್ಟಿಗಳು ಬೇಕು. ದಪ್ಪದ ದೋಷ ಆಯಾ ಪಟ್ಟಿಗೆ ಸೀಮಿತ, ಅಗಲದ ದೋಷ ಹಾಗಲ್ಲ, ಅದು ಕೂಡುತ್ತ ಹೋಗುತ್ತದೆ. ಒಂದು ಬದಿಯ 37 ಪಟ್ಟಿಗಳು ತಲಾ 0.3 ಮಿ.ಮೀ. ಹೆಚ್ಚಿದ್ದರೆ, ತಳದ ನಡುಗೆರೆ ತಲುಪುವ ವೇಳೆಗೆ ಎರಡು ಬದಿಗಳ ನಡುವೆ 11 ಮಿ.ಮೀ. ಅಂತರ ಬಿದ್ದಿರುತ್ತದೆ.

ಗರಗಸ ನುಂಗುವ ಪಾಲು

ಪಟ್ಟಿ ಸೀಳಲು ಹೆಚ್ಚಾಗಿ ಬಳಕೆಯಾಗುವುದು ಮೇಜಿನ ನಡುವೆ ಚಕ್ರಾಕಾರದ ಅಲಗು ಮೇಲೆದ್ದಿರುವ ‘ಟೇಬಲ್ ಸಾ’. ಅಲಗು ತನ್ನ ದಪ್ಪದಷ್ಟು ಮರವನ್ನು ಹೊಟ್ಟಾಗಿಸುತ್ತದೆ. ಸಾಮಾನ್ಯ ಅಲಗು 3.2 ಮಿ.ಮೀ. ಮರವನ್ನು ನುಂಗಿದರೆ ತೆಳು ಅಲಗು 2.4 ಮಿ.ಮೀ. ನುಂಗುತ್ತದೆ. 200 ಮಿ.ಮೀ. ಅಗಲದ ಹಲಗೆಯಿಂದ 6 ಮಿ.ಮೀ. ದಪ್ಪದ ಪಟ್ಟಿಗಳನ್ನು ತೆಗೆದರೆ ಮೊದಲನೆಯದರಿಂದ 22, ಎರಡನೆಯದರಿಂದ 24 ಪಟ್ಟಿಗಳು ದೊರೆಯುತ್ತವೆ. ಸಾಮಾನ್ಯ ಅಲಗಿನಲ್ಲಿ ಹಲಗೆಯ ಮೂರನೇ ಒಂದು ಪಾಲು ಹೊಟ್ಟಾಗಿ ಹೋಗುತ್ತದೆ. ಬ್ಯಾಂಡ್ ಸಾ ಎಂಬ ಪಟ್ಟಿ ಗರಗಸ ಇನ್ನೂ ಕಡಿಮೆ ಮರ ನುಂಗುತ್ತದೆಯಾದರೂ ಅದು ಬಿಟ್ಟುಹೋಗುವ ಮೈ ಒರಟು. ಅದನ್ನು ಸಮಗೊಳಿಸುವಾಗ ಉಳಿತಾಯದ ಬಹುಭಾಗ ಕರಗುತ್ತದೆ.

ಹಲಗೆ ‘ಫೆನ್ಸ್’ ಎಂಬ ನೇರ ಆಸರೆಗೆ ಒತ್ತಿಕೊಂಡೇ ಸಾಗಿದರೆ ಮಾತ್ರ ಪಟ್ಟಿಯ ದಪ್ಪ ಸ್ಥಿರವಾಗಿರುತ್ತದೆ. ಐದು ಮೀಟರ್ ಉದ್ದದ ಹಲಗೆಯನ್ನು ಬರಿಗೈಯಲ್ಲಿ ಹಾಗೆ ನಡೆಸುವುದು ಅಸಾಧ್ಯ. ಅದಕ್ಕೆಂದೇ ತುದಿಯನ್ನು ಬೆರಳುಗಳಂತೆ ಸೀಳಿದ ಒತ್ತುಹಲಗೆಯನ್ನು ಮೇಜಿಗೆ ಬಿಗಿಯುತ್ತಾರೆ. ಓರೆಯಾಗಿರುವ ಅದರ ಬೆರಳುಗಳು ಹಲಗೆಯನ್ನು ಆಸರೆಯತ್ತ ಒತ್ತುತ್ತವೆ, ಮುಂದೆ ಸಾಗಲು ಬಿಟ್ಟು ಹಿಂದೆ ಸರಿಯದಂತೆ ತಡೆಯುತ್ತವೆ. ಅದು ಇರಬೇಕಾದುದು ಅಲಗಿಗಿಂತ ಮುಂಚಿನ ಜಾಗದಲ್ಲಿ. ಅಲಗಿನ ಪಕ್ಕದಲ್ಲೇ ಒತ್ತಿದರೆ ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿದುಬಿಡುತ್ತದೆ. ಯಂತ್ರದ ಹಿಂದೆ ಮುಂದೆ ಮೇಜಿನ ಮಟ್ಟಕ್ಕೇ ಆಧಾರಗಳಿರಬೇಕು. ತುದಿ ಜೋತುಬಿದ್ದರೆ ಹಲಗೆ ವಾಲಿ ದಪ್ಪ ಬದಲಾಗುತ್ತದೆ. ನಡುವೆ ತಳ್ಳುವುದನ್ನು ನಿಲ್ಲಿಸಿದರೆ ಅಲಗು ಅಲ್ಲೇ ಸುತ್ತಿ ಪಟ್ಟಿಯಲ್ಲಿ ಗಚ್ಚು ಮೂಡಿಸುತ್ತದೆ. ಆದ್ದರಿಂದ ಈ ಕೆಲಸಕ್ಕೆ ಇಬ್ಬರಿರುವುದು ಲೇಸು.

ಮರದೊಳಗೆ ಅಡಗಿರುವ ಸೆಳೆತವೂ ಲೆಕ್ಕಕ್ಕೆ ಬರುತ್ತದೆ. ಒಂದು ಅಂಚಿನಿಂದ ಪಟ್ಟಿಗಳು ಹೊರಬಂದಂತೆ ಉಳಿದ ಹಲಗೆ ಬಿಲ್ಲಿನಂತೆ ಬಾಗಬಹುದು. ಬಾಗಿದ ಅಂಚು ಆಸರೆಗೆ ಪೂರ್ತಿ ತಾಗದೆ ಪಟ್ಟಿಯ ನಡುಭಾಗ ಒಂದು ದಪ್ಪ, ತುದಿ ಇನ್ನೊಂದು ದಪ್ಪವಾಗುತ್ತದೆ. ಹಲವು ಪಟ್ಟಿಗಳಿಗೊಮ್ಮೆ ಹಲಗೆಯ ಅಂಚನ್ನು ಮತ್ತೆ ನೇರಗೊಳಿಸುವುದೇ ಇದಕ್ಕೆ ಪರಿಹಾರ. ಫೆನ್ಸ್ ಅನ್ನು ಒಮ್ಮೆ ಬಿಗಿದ ಮೇಲೆ ಎಲ್ಲ ಹಲಗೆಗಳನ್ನೂ ಅದೇ ಅಳತೆಯಲ್ಲಿ ಸೀಳಿ ಮುಗಿಸುವುದು ರೂಢಿ. ಮರುದಿನ ಮತ್ತೆ ಹೊಂದಿಸಿದ ಅಳತೆ ಹಿಂದಿನದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವ ಭರವಸೆಯಿಲ್ಲ.

ಪ್ಲೇನರ್ ಬೇಕೇ, ಬೇಡವೇ?

ಒಳ್ಳೆಯ ಅಲಗಿನಿಂದ ಎಚ್ಚರಿಕೆಯಿಂದ ಸೀಳಿದ ಪಟ್ಟಿಯನ್ನು ಹಾಗೆಯೇ ಬಳಸುವವರಿದ್ದಾರೆ. ಪ್ರತಿ ಪಟ್ಟಿಯನ್ನೂ ದಪ್ಪ ಸಮಗೊಳಿಸುವ ಪ್ಲೇನರ್ ಯಂತ್ರಕ್ಕೆ ಕೊಡುವವರೂ ಇದ್ದಾರೆ. ಎರಡನೆಯ ಪಕ್ಷದವರು ಮೊದಲು 7 ಮಿ.ಮೀ. ಸೀಳಿ, ಎರಡೂ ಮೈಗಳಿಂದ ತಲಾ ಅರ್ಧ ಮಿಲಿಮೀಟರ್ ಕೆತ್ತಿ 6 ಮಿ.ಮೀ.ಗೆ ತರುತ್ತಾರೆ. ಆಗ 200 ಮಿ.ಮೀ. ಹಲಗೆಯಿಂದ ತೆಳು ಅಲಗಿನಲ್ಲೂ 24ರ ಬದಲು 21 ಪಟ್ಟಿಗಳಷ್ಟೇ ಸಿಗುತ್ತವೆ. ಎಂಟನೇ ಒಂದು ಪಾಲು ಪಟ್ಟಿಗಳನ್ನು ತೆತ್ತು ಏಕರೂಪತೆಯನ್ನು ಕೊಳ್ಳುವ ವ್ಯಾಪಾರವಿದು. ಉಜ್ಜುವ ಶ್ರಮದಲ್ಲಿ ಆಗುವ ಉಳಿತಾಯವನ್ನು ನೋಡಿದರೆ ಇದು ನಷ್ಟದ ವ್ಯಾಪಾರವಲ್ಲ.

ಪ್ಲೇನರ್‌ನಲ್ಲಿ ಎರಡು ಉರುಳೆಗಳು ಮರವನ್ನು ಹಿಡಿದು ಸಾಗಿಸುತ್ತವೆ. ಪಟ್ಟಿಯ ಆದಿ ಅಂತ್ಯಗಳಲ್ಲಿ ಒಂದೇ ಉರುಳೆಯ ಹಿಡಿತವಿರುವುದರಿಂದ ತುದಿ ಮೇಲೆದ್ದು ಅಲಗಿಗೆ ಹೆಚ್ಚು ಸಿಕ್ಕಿ ತೆಳುವಾಗುತ್ತದೆ. ಒಂದು ಪಟ್ಟಿಯ ಬಾಲಕ್ಕೆ ಇನ್ನೊಂದರ ತಲೆ ತಾಗಿಸಿ ಎಡೆಬಿಡದೆ ಒಳಬಿಟ್ಟರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ. ತೆಳು ಪಟ್ಟಿ ಯಂತ್ರದೊಳಗೆ ಒಡೆಯದಂತೆ ಅಡಿಯಲ್ಲಿ ನುಣುಪಾದ ಆಧಾರ ಹಲಗೆ ಇಡಲಾಗುತ್ತದೆ. ಐದು ಮೀಟರ್ ಉದ್ದದ ಹಲಗೆ ದೊರೆಯದಿದ್ದಲ್ಲಿ ಗಿಡ್ಡ ಪಟ್ಟಿಗಳ ತುದಿಗಳನ್ನು ದಪ್ಪದ ಎಂಟು ಪಟ್ಟು ಉದ್ದಕ್ಕೆ, ಅಂದರೆ ಸುಮಾರು 48 ಮಿ.ಮೀ. ಓರೆಯಾಗಿ ಕತ್ತರಿಸಿ ಅಂಟಿಸಬಹುದು. ದಪ್ಪ ಒಂದೇ ಇಲ್ಲದಿದ್ದರೆ ಈ ಜೋಡಣೆಯೂ ಕೂರುವುದಿಲ್ಲ.

ಕೊನೆಯ ಹಂತ ವಿಂಗಡಣೆ. ಪ್ರತಿ ಪಟ್ಟಿಯನ್ನು ಎರಡು ತುದಿ ಮತ್ತು ನಡುವಿನಲ್ಲಿ ಕ್ಯಾಲಿಪರ್‌ನಿಂದ ಅಳೆದು ಗುಂಪು ಮಾಡಲಾಗುತ್ತದೆ. ಒಂದೇ ಹಲಗೆಯಿಂದ ಅಕ್ಕಪಕ್ಕದಲ್ಲಿ ಬಂದ ಪಟ್ಟಿಗಳಿಗೆ ಜೋಡಿ ಗುರುತು ಹಾಕಿ, ದೋಣಿಯ ಎಡಬಲಗಳ ಒಂದೇ ಸ್ಥಾನದಲ್ಲಿ ಇಡುವುದು ಉತ್ತಮ ಕ್ರಮ. ಬಿಗುವು ಹೊಂದಿಕೆಯಾಗಿ ಎರಡೂ ಬದಿ ಸಮನಾಗಿ ಬಾಗುತ್ತವೆ, ಬಣ್ಣವೂ ಹೊಂದುತ್ತದೆ. ತುಸು ದಪ್ಪ ತಪ್ಪಿದವುಗಳನ್ನು ಒಟ್ಟಾಗಿ ಒಂದೇ ಕಡೆ ಬಳಸಿದರೆ ಹಾನಿ ಕಡಿಮೆ. ಅಲ್ಲಲ್ಲಿ ಚದುರಿಸಿದರೆ ಪ್ರತಿಯೊಂದೂ ಎರಡೆರಡು ಮೆಟ್ಟಿಲು ಸೃಷ್ಟಿಸುತ್ತದೆ.

ಬೆರಳು ಮತ್ತು ಶ್ವಾಸಕೋಶ

ಈ ಕೆಲಸದಲ್ಲಿ ಎರಡು ಅಪಾಯಗಳಿವೆ. ಫೆನ್ಸ್ ಮತ್ತು ಅಲಗಿನ ನಡುವೆ ಸಿಕ್ಕಿದ ತೆಳು ಪಟ್ಟಿ ಬಾಣದಂತೆ ಹಿಂದಕ್ಕೆ ಚಿಮ್ಮಬಲ್ಲದು. ಅಲಗಿನ ನೇರಕ್ಕೆ ನಿಲ್ಲದಿರುವುದು, ಕೊನೆಯ ಭಾಗವನ್ನು ಕೈಯಿಂದಲ್ಲದೆ ತಳ್ಳುಕೋಲಿನಿಂದ ಅಲಗನ್ನು ಪೂರ್ತಿ ದಾಟಿಸುವುದು, ಅಲಗಿನ ಹಿಂದೆ ಸೀಳನ್ನು ತೆರೆದಿಡುವ ತಟ್ಟೆಯನ್ನು ಕಳಚದಿರುವುದು ಕಡ್ಡಾಯ.

ಎರಡನೆಯದು ಹೊಟ್ಟು. ಕೆಂಪು ಸೀಡರ್‌ನಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಕೆಲವರಲ್ಲಿ ಆಸ್ತಮಾ ಉಂಟುಮಾಡುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದ ಸಾಮಿಲ್ ಕಾರ್ಮಿಕರಲ್ಲಿ ಈ ರೋಗದ ಅಧ್ಯಯನ ವಿಸ್ತೃತವಾಗಿ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳ ಸಾಲಿಗೆ ಸೇರಿಸಿದೆ. ಹಲಗೆಯ ಮೂರನೇ ಒಂದು ಪಾಲನ್ನು ಹೊಟ್ಟಾಗಿಸುವ ಈ ಕೆಲಸಕ್ಕೆ ಧೂಳು ಹೀರುವ ವ್ಯವಸ್ಥೆ ಹಾಗೂ ಸೂಕ್ತ ಮುಖಗವಸು ಇಲ್ಲದೆ ಕೈಹಾಕುವುದು ವಿವೇಕವಲ್ಲ. ಸಮದಪ್ಪದ ಪಟ್ಟಿ ಇಲ್ಲಿಯೂ ಉಪಕಾರಿ. ಪಟ್ಟಿಗಳು ಸಮವಾಗಿದ್ದಷ್ಟೂ ಮುಂದೆ ಉಜ್ಜುವ ಕೆಲಸ ಕಡಿಮೆ, ಎದೆಗೆ ಸೇರುವ ನುಣ್ಣನೆಯ ಧೂಳೂ ಕಡಿಮೆ.

ಮೊದಲ ಬಾರಿ ದೋಣಿ ಕಟ್ಟುವವರು ಬೇಕಾದುದಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚು ಪಟ್ಟಿಗಳನ್ನು ಸೀಳಿಕೊಳ್ಳುವುದು ಒಳಿತು. ಗಂಟು ಬಿದ್ದದ್ದು, ಮುರಿದದ್ದು, ಅಳತೆ ತಪ್ಪಿದ್ದನ್ನು ಹಿಂಜರಿಕೆಯಿಲ್ಲದೆ ಬದಿಗಿಡಲು ಇದರಿಂದ ಅವಕಾಶವಾಗುತ್ತದೆ. ಎಪಾಕ್ಸಿ ಮತ್ತು ಗಾಜಿನ ನಾರು ಒಣಗಿದ ಮೇಲೆ ಪಾರದರ್ಶಕವಾಗುತ್ತವೆ, ಬಿಸಿಲಿನಿಂದ ಎಪಾಕ್ಸಿಯನ್ನು ಕಾಪಾಡಲು ಬಳಿಯುವ ವಾರ್ನಿಷ್ ಕೂಡ ಪಾರದರ್ಶಕವೇ. ಬಣ್ಣ ಬಳಿದ ದೋಣಿಯಲ್ಲಿ ಮರೆಯಾಗಬಹುದಾದ ಪ್ರತಿ ಸಂದು, ಪ್ರತಿ ಏರುಪೇರು ಇಲ್ಲಿ ದೋಣಿ ಇರುವಷ್ಟು ಕಾಲವೂ ಕಣ್ಣೆದುರಿಗೇ ಇರುತ್ತದೆ.